ಸೊಲ್ಲೆಂಟುನಾದಲ್ಲಿ ಬೇರೆ ಲೋಟ

ನಾನು ಕೆಲಸ ಮಾಡುವ ಅಡುಗೆಮನೆಯಲ್ಲಿ ಎಲ್ಲರ ಕಾಫಿ ಕಪ್ಪುಗಳೂ ಸಿಂಕಿನ ಮೇಲಿನ ಕಪಾಟಿನಲ್ಲಿದ್ದವು. ನನ್ನ ಜೊತೆ ಕೆಲಸ ಮಾಡುವ ನ್ಯಾಕಿಮಳದು ಮಾತ್ರ ಕಿಟಕಿಯ ಪಕ್ಕ, ಮೈತುಂಬ ಬಟ್ಟೆ ಸುತ್ತಿಕೊಂಡು ಒಂಟಿಯಾಗಿ ಕೂತಿತ್ತು. ಹೊಸದಾಗಿ ಸೇರಿದ ಅಚೋಲ್ ಮುಟ್ಟಿದ ಫ್ಲಾಸ್ಕಿನಿಂದ ಅವಳು ಕಾಫಿ ಬಗ್ಗಿಸಿಕೊಳ್ಳುವುದಿಲ್ಲ, ಮನೆಯಿಂದಲೇ ತರುತ್ತಾಳೆ ಅನ್ನುವುದು ನನ್ನ ಗಮನಕ್ಕೆ ಬಂದದ್ದೂ ಆವತ್ತೇ. ಇಬ್ಬರೂ ಒಂದೇ ದೇಶದವರು, ಒಂದೇ ಬಣ್ಣದವರು, ನೋಡಿದವರು ಅಕ್ಕತಂಗಿಯರು ಅಂದುಕೊಳ್ಳಬೇಕು. ಅಯ್ಯೋ ದೇವರೇ, ಇಲ್ಲೂ ಬೇರೆ ಲೋಟವಾ? ಅಷ್ಟು ದೂರ ಹಾರಿ ಬಂದು, ಹಿಮದಲ್ಲಿ ಜಾರಿ ಬಿದ್ದು ಮೊಣಕಾಲು ತರಚಿಕೊಂಡು, ಬಾಯಿಗೆ ಹೊಂದದ ಭಾಷೆಯನ್ನು ಹಟ ಹಿಡಿದು ಕಲಿತದ್ದು ಇದನ್ನು ನೋಡಲಿಕ್ಕಾ ಅನ್ನಿಸಿ ನನಗೆ ಹೊಟ್ಟೆ ಉರಿದುಹೋಯಿತು.

ನನ್ನ ಹೊಟ್ಟೆ ಯಾಕೆ ಉರಿಯಿತು ಅನ್ನುವುದು ಊರಿನಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ನಮ್ಮದು ಕೋಲಾರದ ಕಡೆಯ ಒಂದು ಹಳ್ಳಿ. ಅಲ್ಲಿನ ಟೀ ಅಂಗಡಿಯಲ್ಲಿ ನಮ್ಮ ಕೇರಿಯವರಿಗೆ ಅಂತಲೇ ಲೋಟವನ್ನು ಹೊರಗೆ ಚಪ್ಪರದ ಗಳಕ್ಕೆ ಸಿಕ್ಕಿಸಿಡುತ್ತಿದ್ದರು. ಅಪ್ಪ ಅದನ್ನು ತೆಗೆದು, ತಾನೇ ತೊಳೆದು ಹಿಡಿಯಬೇಕು. ಅಂಗಡಿಯವನು ಮೇಲಿನಿಂದ ಸುರಿಯುತ್ತಿದ್ದ. ಕುಡಿದಾದ ಮೇಲೆ ಮತ್ತೆ ತೊಳೆದು ಅಲ್ಲೇ ಸಿಕ್ಕಿಸಬೇಕು. ಮುಂದೆ ಅಪ್ಪನಿಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಿತು, ಹೆಗಲಿಗೆ ಟಿಕೆಟ್ ಚೀಲ ಬಂತು. ಅದೇ ಅಂಗಡಿಯ ಮುಂದೆ ಬಸ್ಸು ನಿಂತರೂ ಅಪ್ಪ ಇಳಿಯುತ್ತಿರಲಿಲ್ಲ. ಡ್ರೈವರು ಟೀ ಕುಡಿದು ಬರುವ ತನಕ ಸೀಟಿನಲ್ಲೇ ಕೂತು ಚಿಲ್ಲರೆ ಎಣಿಸುತ್ತಿದ್ದರು. ನಾನು ಸ್ವೀಡನ್ನಿಗೆ ಬಂದ ಹೊಸತರಲ್ಲಿ ಫೋನಿನಲ್ಲಿ ಎಲ್ಲರೂ ಚಳಿ ಎಷ್ಟು, ಸಂಬಳ ಎಷ್ಟು ಅಂತ ಕೇಳಿದರೆ ಅಪ್ಪ ಕೇಳಿದ್ದು ಒಂದೇ ಮಾತು.

"ಅಲ್ಲಿ ಎಲ್ಲರ್ಗೂ ಒಂದೇ ಲೋಟಾನಾ ಕಣಮ್ಮ?"

"ಒಂದೇ ಅಪ್ಪ. ಇಲ್ಲಿ ಭಾಷೆ ಕಲಿಸೋ ನಮ್ಮ ಮೇಡಮ್ಮೂ ತನ್ನ ಲೋಟ ತಾನೇ ತೊಳ್ಕೋತಾಳೆ," ಅಂದಾಗ ಅಪ್ಪ ನಕ್ಕ ನಗು ಇನ್ನೂ ಕಿವಿಯಲ್ಲಿದೆ.

ನಿಜ ಹೇಳಬೇಕೆಂದರೆ ನಾನು ಈ ಊರಿಗೆ ಸೋತದ್ದೇ ಅದಕ್ಕೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, "ಅಡ್ವಾನ್ಸ್ ಇರಲಿ, ನೀವು ಯಾವ ಜನ?" ಅಂತ ನಗುನಗುತ್ತಲೇ ಕೇಳುತ್ತಿದ್ದರು. ಉತ್ತರ ಕೇಳಿದ ಮೇಲೆ ಮನೆ ಇದ್ದಕ್ಕಿದ್ದಂತೆ ಅವರ ಭಾವಮೈದುನನಿಗೆ ನಿಶ್ಚಯವಾಗಿಬಿಡುತ್ತಿತ್ತು. ಇಲ್ಲಿ, ಸೊಲ್ಲೆಂಟುನಾ ಅನ್ನುವ ಈ ಊರಿನಲ್ಲಿ, ಮನೆ ಕೊಟ್ಟವರು ಕೇಳಿದ್ದು ಸಿಗರೇಟು ಸೇದುತ್ತೀರಾ, ನಾಯಿ ಇದೆಯಾ ಅಂತ ಮಾತ್ರ. ಬಾಗಿಲು ಹಾಕಿಕೊಂಡ ಮೇಲೆ ನೆಲದ ಮೇಲೆ ಕೂತು ಅತ್ತಿದ್ದೆ. ನಮ್ಮನೆಯವರಿಗೆ ಪಕ್ಕದ ಕಿಸ್ತಾದಲ್ಲಿ ಕೆಲಸ, ಬೆಳಿಗ್ಗೆ ಹೋದರೆ ಸಂಜೆಗೆ. ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷಿನಲ್ಲಿ ಉತ್ತರ ಕೊಡುತ್ತಾಳೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲು. ಎದುರುಮನೆಯವರು ನಾನು ಮೆಟ್ಟಿಲಿಳಿಯುವ ಸದ್ದು ಕೇಳಿದರೆ, ನಾನು ಹೋಗುವ ತನಕ ಕಾದು ಆಮೇಲೆ ಬಾಗಿಲು ತೆಗೆಯುತ್ತಾರೆ. ಅದು ಅಸಹ್ಯದಿಂದಲ್ಲ, ನಾಚಿಕೆಯಿಂದ ಅಂತ ಗೊತ್ತಾಗಲು ನನಗೆ ಎರಡು ಚಳಿಗಾಲ ಬೇಕಾಯಿತು. ಮುದ್ದೆಗೆ ರಾಗಿ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಬಸ್ಸಾರಿಗೆ ದಂಟಿನ ಸೊಪ್ಪು ಸಿಗುವುದಿಲ್ಲ. ಇಷ್ಟಿದ್ದರೂ ಯಾರೂ ಯಾವ ಜನ ಅಂತ ಕೇಳದ ಊರು ಅಂತ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೆ.

ಭಾಷೆ ಒಂದಿಷ್ಟು ಬಂದ ಮೇಲೆ ಒಂದು ದಾಗಿಸ್‌ನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತು. ದಾಗಿಸ್ ಅಂದರೆ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಶಾಲೆ. ಅಲ್ಲೇ ನ್ಯಾಕಿಮ್ ಸಿಕ್ಕಿದ್ದು. ನನಗಿಂತ ಒಂದು ಮೊಳ ಎತ್ತರ, ನಕ್ಕರೆ ಮುಖವೆಲ್ಲ ಹಲ್ಲು. ಮೊದಲ ದಿನವೇ ಆಲೂಗಡ್ಡೆ ಸುಲಿಯುತ್ತ, "ನೀನು ಇಂಡಿಯಾದವಳಾ? ನಿಮ್ಮ ಸೈನ್ಯದ ದನದ ಡಾಕ್ಟರು ನಮ್ಮ ಹೋರಿಯ ಕಾಲು ವಾಸಿ ಮಾಡಿದ್ದ," ಅಂದಳು. ನಾನು ಕಣ್ಣು ಕಣ್ಣು ಬಿಟ್ಟೆ. ಅವಳದು ದಕ್ಷಿಣ ಸುಡಾನ್. ಹೊಸದಾಗಿ ಸ್ವತಂತ್ರವಾದ ಆ ದೇಶದಲ್ಲಿ ಶಾಂತಿ ಕಾಯಲು ವಿಶ್ವಸಂಸ್ಥೆಯ ನೀಲಿ ಟೋಪಿಯ ನಮ್ಮ ಸೈನಿಕರು ಹೋಗಿದ್ದರಂತೆ. ಜೊತೆಗೆ ದನದ ಡಾಕ್ಟರೂ ಇದ್ದನಂತೆ. "ಬಂದೂಕಿನವರನ್ನೆಲ್ಲ ಮರೆತೆ. ಆ ಡಾಕ್ಟರನ್ನು ಮರೆತಿಲ್ಲ," ಅನ್ನುತ್ತಿದ್ದಳು. ಗೊತ್ತಿಲ್ಲದ ಯಾವನೋ ಡಾಕ್ಟರನ ಪುಣ್ಯಕ್ಕೆ ನನಗೊಬ್ಬಳು ಗೆಳತಿ ಸಿಕ್ಕಿದಳು. ನಮ್ಮಿಬ್ಬರದೂ ಹರಕು ಸ್ವೀಡಿಷ್, ನಡುನಡುವೆ ಇಂಗ್ಲಿಷ್, ಉಳಿದದ್ದಕ್ಕೆ ಕೈ ಬಾಯಿ. ನನ್ನ ಮಗಳ ಕೂದಲು ಹೆಣೆದುಕೊಟ್ಟವಳು ಅವಳು. ನನಗೆ ಜ್ವರ ಬಂದಾಗ ಗಂಜಿ ತಂದವಳೂ ಅವಳೇ.

ಆಮೇಲೆ ಅಚೋಲ್ ಬಂದಳು, ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ. ಅವಳೂ ದಕ್ಷಿಣ ಸುಡಾನಿನವಳೇ, ಬುಡಕಟ್ಟು ಮಾತ್ರ ಬೇರೆ. ಯಾರದು ಯಾವುದು ಅಂತ ನಾನು ಬರೆಯುವುದಿಲ್ಲ. ಬರೆದರೆ ನೀವು ಓದುತ್ತ ಓದುತ್ತಲೇ ಒಂದು ಪಕ್ಷ ಹಿಡಿದುಬಿಡುತ್ತೀರಿ. ಬಂದ ದಿನ ಅವಳು ತನ್ನ ಊರು, ಅಪ್ಪನ ಹೆಸರು, ತಾತನ ಹೆಸರು ಹೇಳಿದಳು. ಅವರಲ್ಲಿ ಪರಿಚಯ ಅಂದರೆ ಅಷ್ಟೂ ಹೇಳಬೇಕು. ನ್ಯಾಕಿಮ್ ಕೇಳಿಸಿಕೊಂಡಳು, ತಲೆಯಾಡಿಸಿದಳು, ಕೆಲಸಕ್ಕೆ ತಿರುಗಿದಳು. ಮಾರನೆಯ ದಿನದಿಂದ ಅವಳ ಕಪ್ಪು ಕಿಟಕಿಗೆ ಹೋಯಿತು.

ನಾನು ಅವಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಬೇರೆ ಲೋಟಕ್ಕೆ ಕಾರಣ ಬೇರೆ ಇರಬಹುದು ಅಂತ ನನ್ನ ತಲೆಗೇ ಹೊಳೆಯಲಿಲ್ಲ. ಅಷ್ಟು ಒಳ್ಳೆಯ ನ್ಯಾಕಿಮ್ ಒಳಗೊಳಗೇ ಆ ಟೀ ಅಂಗಡಿಯವನ ಜಾತಿಗೆ ಸೇರಿದವಳೇ ಅನ್ನಿಸಿ, ಇವಳಿಗೆ ಬುದ್ಧಿ ಕಲಿಸಲೇಬೇಕು ಅಂತ ತೀರ್ಮಾನ ಮಾಡಿದೆ.

ನನ್ನ ಹುಟ್ಟುಹಬ್ಬ ಬಂತು. ಇಲ್ಲಿ ಹುಟ್ಟುಹಬ್ಬದವರೇ ಎಲ್ಲರಿಗೂ ಸಿಹಿ ತರಬೇಕು, ಫೀಕಾದ ಹೊತ್ತಿಗೆ. ಫೀಕಾ ಅಂದರೆ ಬರೀ ಕಾಫಿ ಕುಡಿಯುವುದಲ್ಲ. ಕೆಲಸ ನಿಲ್ಲಿಸಿ ಎಲ್ಲರೂ ಒಂದೇ ಮೇಜಿಗೆ ಕೂರುವುದು, ಇವರಿಗೆ ಅದೊಂದು ವ್ರತ ಇದ್ದ ಹಾಗೆ. ನಾನು ಶಾವಿಗೆ ಪಾಯಸ ಮಾಡಿ, ಊರಿನಿಂದ ತಂದ ಸ್ಟೀಲ್ ಲೋಟಗಳನ್ನು ಹೊತ್ತುಕೊಂಡು ಹೋದೆ. ಮೇಜಿನಲ್ಲಿ ನಮ್ಮ ಮುಖ್ಯಸ್ಥೆ ಆನ್ನಿಕಾ, ಅಚೋಲ್, ನ್ಯಾಕಿಮ್, ನಾನು. ನ್ಯಾಕಿಮ್ ತನ್ನ ಕಪ್ಪು ತರಲು ಎದ್ದಳು. "ಇವತ್ತು ಬೇಡ, ನಮ್ಮ ಊರಿನ ಲೋಟದಲ್ಲೇ ಕುಡಿ, ನನ್ನಾಣೆ," ಅಂತ ಕೂರಿಸಿದೆ. ಅಚೋಲ್ ಕುಡಿದು ಮುಗಿಸಿದ ಲೋಟ ತೆಗೆದುಕೊಂಡು, ನಲ್ಲಿಯ ಕೆಳಗೆ ಹಿಡಿದು ಜಾಲಿಸಿ, ಪಾಯಸ ತುಂಬಿ ನ್ಯಾಕಿಮಳ ಕೈಗಿಟ್ಟೆ. ಅವಳು ನೋಡಿರಲಿಲ್ಲ. ಚಪ್ಪರಿಸಿಕೊಂಡು ಕುಡಿದಳು. ಚೆನ್ನಾಗಿದೆ ಅಂದಳು.

"ಚೆನ್ನಾಗಿದೆ ತಾನೇ? ಅದು ಅಚೋಲ್ ಕುಡಿದ ಲೋಟ," ಅಂದೆ, ಗೆದ್ದವಳ ಹಾಗೆ. "ಈಗೇನಾಯ್ತು? ಆಕಾಶ ಬಿತ್ತಾ?"

ನ್ಯಾಕಿಮ್ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಬಚ್ಚಲಿಗೆ ಓಡಿದಳು. ವಾಂತಿಯ ಸದ್ದು ಮೇಜಿನ ತನಕ ಕೇಳಿಸಿತು. ಬೈಯಬೇಕಾದವಳು ಅಚೋಲ್, ಅವಮಾನ ಆದದ್ದು ಅವಳಿಗೇ ಅಂತ ನಾನು ಅವಳ ಕಡೆ ನೋಡಿದೆ. ಅವಳು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಅಳುತ್ತಿದ್ದಳು.

"ರತ್ನಾ, ನೀನು ಏನು ಮಾಡಿದೆ! ಅವಳ ಗತಿ ಏನು, ನನ್ನ ಗತಿ ಏನು!"

ನ್ಯಾಕಿಮ್ ಕೋಟು ಹಾಕಿಕೊಂಡು ಹೊರಟುಹೋದಳು. ಮರುದಿನ ಬರಲಿಲ್ಲ, ಆ ವಾರವೇ ಬರಲಿಲ್ಲ. ಆನ್ನಿಕಾ ನನ್ನನ್ನು ಕರೆದು, "ಇದು ಭೇದಭಾವ. ಇಲ್ಲಿ ಅದಕ್ಕೆ ಜಾಗ ಇಲ್ಲ. ನ್ಯಾಕಿಮ್ ಎಲ್ಲರ ಜೊತೆ ಕೂತು ಕಾಫಿ ಕುಡಿಯಲಿ, ಇಲ್ಲದಿದ್ದರೆ ಬೇರೆ ಕಡೆ ಕೆಲಸ ನೋಡಿಕೊಳ್ಳಬೇಕಾಗುತ್ತದೆ. ಮೀಟಿಂಗಿನಲ್ಲಿ ನೀನು ಕಂಡದ್ದನ್ನು ಹೇಳು," ಅಂದರು. ಇಲ್ಲಿ ಎಲ್ಲರೂ ಎಲ್ಲರನ್ನೂ ನೀನು ಅನ್ನುತ್ತಾರೆ. ನಾನೂ ಆನ್ನಿಕಾಗೆ ಬಾಯಲ್ಲಿ ನೀನು ಅನ್ನುತ್ತೇನೆ, ಮನಸ್ಸಿನಲ್ಲಿ ನೀವು. ಭೇದಭಾವ ಅನ್ನುವ ಮಾತನ್ನು ಇಂಥ ಒಬ್ಬರ ಬಾಯಿಂದ ಕೇಳಲು ನಮ್ಮಪ್ಪ ಆಯುಸ್ಸೆಲ್ಲ ಕಾದಿದ್ದರು. ನನಗೆ ಸಂತೋಷವಾಗಬೇಕಿತ್ತು. ಆದರೆ ಬಚ್ಚಲಿನ ಆ ಸದ್ದು ಕಿವಿ ಬಿಟ್ಟು ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ನ್ಯಾಕಿಮಳ ಮನೆಗೆ ಹೋದೆ. ಬಾಗಿಲು ತೆಗೆಯುತ್ತಾಳೋ ಇಲ್ಲವೋ ಅಂದುಕೊಳ್ಳುತ್ತಲೇ ಗಂಟೆ ಒತ್ತಿದೆ. ತೆಗೆದಳು. ಮುಖ ಬತ್ತಿಹೋಗಿತ್ತು. ಸೋಫಾದ ತುದಿಯಲ್ಲಿ ಕೂತೆ. ಬರುವಾಗ ಕಟ್ಟಿಕೊಂಡು ಬಂದ ಮಾತೆಲ್ಲ ಹಾರಿಹೋಗಿ, "ನಮ್ಮ ಊರಿನಲ್ಲಿ ನಮ್ಮಪ್ಪನಿಗೆ ಬೇರೆ ಲೋಟ ಇಡುತ್ತಿದ್ದರು," ಅಂತಷ್ಟೇ ಹೇಳಿ ಅತ್ತುಬಿಟ್ಟೆ. ಅವಳಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಎಲ್ಲ ಕೇಳಿ, "ಅವರ ಮನೆಯ ಯಾರನ್ನು ನಿಮ್ಮವರು ಕೊಂದಿದ್ದರು?" ಅಂತ ಕೇಳಿದಳು.

"ಯಾರನ್ನೂ ಇಲ್ಲ."

"ಮತ್ತೆ ಲೋಟ ಯಾಕೆ ಬೇರೆ?"

ಆಮೇಲೆ ಅವಳು ತನ್ನ ಕಥೆ ಹೇಳಿದಳು.

ಸ್ವಾತಂತ್ರ್ಯ ಬಂದ ದಿನ ಅವಳು ಮತ್ತು ಅವಳ ಅಣ್ಣ ಬೋಲ್ ರಾಜಧಾನಿಯ ಬೀದಿಯಲ್ಲಿ ಕುಣಿದಿದ್ದರಂತೆ. ಯಾರು ಯಾವ ಬುಡಕಟ್ಟು ಅಂತ ಆವತ್ತು ಯಾರೂ ಕೇಳಲಿಲ್ಲವಂತೆ. "ಬಾವುಟ ಹೊಸದು, ಹಾಡು ಹೊಸದು. ಹಾಡಿನ ಮಾತು ಯಾರಿಗೂ ಬಾಯಿಗೆ ಬಂದಿರಲಿಲ್ಲ, ಸುಮ್ಮನೆ ಬಾಯಿ ಆಡಿಸಿದೆವು," ಅಂದು ನಕ್ಕಳು. ಕೆಲವೇ ವರ್ಷಗಳಲ್ಲಿ ಒಂದೊಂದು ಬುಡಕಟ್ಟಿನ ಮೇಲಿನವರಿಬ್ಬರು ಕುರ್ಚಿಗಾಗಿ ಜಗಳಕ್ಕೆ ಬಿದ್ದರು. ಜಗಳ ಸೈನ್ಯಕ್ಕೆ ಇಳಿಯಿತು, ಸೈನ್ಯದಿಂದ ಬೀದಿಗೆ ಇಳಿಯಿತು. ಸಿಪಾಯಿಗಳು ಇವರ ಬೀದಿಗೆ ಬಂದಾಗ ಬೋಲ್ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಗುಂಡು ಹೊಡೆದು ಕೊಂದವನ ಮುಖ ನೆರೆಯವರಿಗೆ ಗೊತ್ತಿತ್ತು. ಅವನು ಅಚೋಲಳ ಚಿಕ್ಕಪ್ಪನ ಮಗ ಅಂತ, ಅವಳು ಬಂದ ದಿನ ಅಪ್ಪನ, ತಾತನ ಹೆಸರು ಹೇಳಿದಾಗ ನ್ಯಾಕಿಮಳಿಗೆ ತಿಳಿಯಿತು. ಉಳಿದವರು ಓಡಿ, ನೀಲಿ ಟೋಪಿಯವರ ಬೇಲಿಯೊಳಗೆ ಕೆಸರಿನಲ್ಲಿ ದಿನ ದೂಡಿದರು. ಅಮ್ಮ ಇನ್ನೂ ಪಕ್ಕದ ದೇಶದ ಶಿಬಿರದಲ್ಲಿದ್ದಾಳೆ. ಇವರ ಕಡೆಯವರೂ ಸುಮ್ಮನಿರಲಿಲ್ಲ. ಅಚೋಲಳ ಊರನ್ನು ಸುಟ್ಟರು. ಅವಳ ಗಂಡ ಅದರಲ್ಲಿ ಹೋದ.

"ನಮ್ಮಲ್ಲಿ ಕೊಂದವರ ಮನೆಯವರೂ ಸತ್ತವರ ಮನೆಯವರೂ ಒಂದೇ ಪಾತ್ರೆಯಲ್ಲಿ ಉಣ್ಣುವ ಹಾಗಿಲ್ಲ, ಕುಡಿಯುವ ಹಾಗಿಲ್ಲ. ಉಂಡರೆ ಸಾವು ಬರುತ್ತದೆ, ಇಬ್ಬರಿಗೂ. ಹಿರಿಯರು ಕೂತು ಸಂಧಾನ ಮಾಡಬೇಕು. ಅವರು ನಮಗೆ ದನ ತಂದುಕೊಡಬೇಕು. ಆ ದನ ಕೊಟ್ಟು ಬೋಲನ ಹೆಸರಿಗೆ ಒಂದು ಹೆಣ್ಣು ತರುತ್ತೇವೆ. ನಮ್ಮ ಮನೆಯ ಇನ್ನೊಬ್ಬನಿಂದ ಅವಳಿಗೆ ಹುಟ್ಟಿದರೂ ಆ ಮಗು ಬೋಲನದೇ. ಅವನ ಹೆಸರು ಉಳಿಯುತ್ತದೆ. ಹೋರಿ ಕಡಿದು, ಎಲ್ಲರೂ ಒಂದೇ ಸೋರೆ ಬುರುಡೆಯ ನೀರು ಕುಡಿದರೆ ಮುಗಿಯಿತು. ನಾನು ಚರ್ಚಿಗೆ ಹೋಗುವವಳು ರತ್ನಾ, ಇದನ್ನೆಲ್ಲ ನಂಬುವುದಿಲ್ಲ. ಆದರೆ ನನ್ನ ಹೊಟ್ಟೆ ನಂಬುತ್ತದೆ."

"ಸಂಧಾನ ಆಗಲೇ ಇಲ್ಲವಾ?"

"ದೊಡ್ಡವರದು ಆಗುತ್ತಲೇ ಇರುತ್ತದೆ. ಕಾಗದಕ್ಕೆ ಸಹಿ ಹಾಕುತ್ತಾರೆ, ಕೈ ಕುಲುಕುತ್ತಾರೆ, ಟೀವಿಯಲ್ಲಿ ಒಂದೇ ಮೇಜಿನಲ್ಲಿ ಊಟ ಮಾಡುತ್ತಾರೆ. ಮತ್ತೆ ಗುಂಡು. ಮತ್ತೆ ಸಹಿ. ಚುನಾವಣೆ ಮುಂದಕ್ಕೆ. ಬೋಲನಿಗೆ ದನ ತಂದವರು ಯಾರೂ ಇಲ್ಲ. ಕೊಂದವನೂ ಆಮೇಲೆ ಸತ್ತ. ಯಾರ ಮನೆ ಬಾಗಿಲಿಗೆ ಹೋಗಿ ಕೇಳಲಿ?"

ನನ್ನ ಬುದ್ಧಿ ಎಲ್ಲಿ ಸುಮ್ಮನಿರುತ್ತದೆ? ನಮ್ಮಲ್ಲಿ ಪ್ರಾಣಿ ಬಲಿಯ ಬದಲಿಗೆ ಬೂದುಗುಂಬಳ ಒಡೆಯುತ್ತಾರೆ, ಹಾಗೇನಾದರೂ ಮಾಡಿದರೆ ಅಂತ ಬಾಯಿ ಹಾಕಿದೆ. ಅವಳ ಕಣ್ಣು ಅಗಲವಾಯಿತು. "ನಮ್ಮಲ್ಲೂ ಇದೆ! ಹೋರಿ ಇಲ್ಲದಿದ್ದರೆ ಸೌತೆಕಾಯಿ ಕಡಿಯುತ್ತೇವೆ, ಹೋರಿ ಅಂತಲೇ ಕರೆದು." ನನಗೆ ಎಲ್ಲಿಲ್ಲದ ಆಸೆ ಬಂತು. ಇಲ್ಲಿ ಸೌತೆಕಾಯಿಗೆ ಏನು ಬರ, ದಾಗಿಸ್‌ನಲ್ಲಿ ದಿನಾ ಬುಟ್ಟಿಗಟ್ಟಲೆ ಹೆಚ್ಚುತ್ತೇನೆ. ಅವಳು ಅಲ್ಲೇ ಶಿಬಿರಕ್ಕೆ ಫೋನು ಹಚ್ಚಿದಳು. ನನಗೆ ತಿಳಿಯದ ಭಾಷೆಯಲ್ಲಿ ತಾಯಿ ಮಗಳು ಮೆಲ್ಲಗೆ ಮಾತಾಡಿದರು. ಫೋನಿಟ್ಟ ಮೇಲೆ ನ್ಯಾಕಿಮ್ ಹೇಳಿದಳು. "ಅಮ್ಮ ಬೈಯಲಿಲ್ಲ. ಅವರು ದನ ತಂದರಾ ಅಂತ ಕೇಳಿದಳು. ಇಲ್ಲ ಅಂದೆ. ಹಾಗಾದರೆ ಬಾಯಿ ತೊಳೆದುಕೋ ಮಗಳೇ ಅಂದಳು. ಸೌತೆಕಾಯಿ ಜ್ವರಕ್ಕೆ ಸಾಕು, ನನ್ನ ಮಗನಿಗೆ ಸಾಲದು ಅಂದಳು."

ಮೀಟಿಂಗಿನ ದಿನ ಬಂತು. ಆನ್ನಿಕಾ ಮೇಜಿನ ನಡುವೆ ಒಂದು ಮೇಣದಬತ್ತಿ ಹಚ್ಚಿಟ್ಟಿದ್ದರು. ಇವರಿಗೆ ಕಷ್ಟದ ಮಾತು ಆಡುವಾಗಲೂ ದೀಪ ಬೇಕು. ನ್ಯಾಕಿಮ್ ತಲೆ ಎತ್ತಲಿಲ್ಲ. ಕೆಲಸ ಹೋದರೆ ಶಿಬಿರದ ಅಮ್ಮನಿಗೆ ಏನು ಕಳಿಸುವುದು ಅನ್ನುವುದು ಅವಳ ಮುಖದಲ್ಲೇ ಬರೆದಿತ್ತು. ನನ್ನ ಸರದಿ ಬಂತು. ಬೇರೆ ಲೋಟದಲ್ಲಿ ಟೀ ಕುಡಿದವರ ಮಗಳಾದ ನಾನು, ಬಿಳಿಯ ಮುಖ್ಯಸ್ಥೆಯ ಮುಂದೆ ಕೂತು, ನನ್ನ ಬಾಯಾರೆ, ಸ್ವೀಡಿಷಿನಲ್ಲಿ ಹೇಳಿದೆ.

"ಕಪ್ಪುಗಳು ಬೇರೆ ಬೇರೆಯಾಗಿಯೇ ಇರಲಿ."

ಆನ್ನಿಕಾ ಪೆನ್ನು ಕೆಳಗಿಟ್ಟರು. ಇದು ಸೂತಕ ಅಂತ ಹೇಳಬೇಕಿತ್ತು ನನಗೆ, ಅದಕ್ಕೆ ಇವರ ಭಾಷೆಯಲ್ಲಿ ಪದ ಎಲ್ಲಿದೆ? ಸೊರ್ಯ್ ಅಂದೆ. ಸೊರ್ಯ್ ಅಂದರೆ ದುಃಖ. "ಅವರ ಮನೆಯಲ್ಲಿ ದುಃಖ ಇನ್ನೂ ಮುಗಿದಿಲ್ಲ. ಮುಗಿಯುವ ತನಕ ಬೇರೆ ಇರಬೇಕು," ಅಂದೆ. ಸಾಲದು ಅಂತ ನನಗೇ ಗೊತ್ತಾಗುತ್ತಿತ್ತು.

ಆಗ ಅಚೋಲ್ ಮಾತಾಡಿದಳು. "ನನಗೂ ಹಾಗೇ ಬೇಕು. ಅವಳು ನನ್ನ ಜೊತೆ ಕುಡಿದುಬಿಟ್ಟರೆ ಅವಳ ಅಣ್ಣನಿಗೆ ಬೆಲೆಯೇ ಇಲ್ಲ ಅಂದ ಹಾಗೆ. ನನ್ನ ಗಂಡನಿಗೂ ಇಲ್ಲ ಅಂದ ಹಾಗೆ. ಅವಳು ನನ್ನನ್ನು ಅವಮಾನ ಮಾಡುತ್ತಿಲ್ಲ. ಅವಳ ಕಪ್ಪು ಕಿಟಕಿಯಲ್ಲಿದ್ದರೆ, ನಮ್ಮವನು ಏನು ಮಾಡಿದ ಅನ್ನುವುದು ನೆನಪಿದೆ ಅಂತ ಅರ್ಥ. ನಮ್ಮ ದೇಶದಲ್ಲಿ ಅಷ್ಟನ್ನೂ ನೆನಪಿಟ್ಟುಕೊಂಡವರು ಯಾರೂ ಉಳಿದಿಲ್ಲ."

ನ್ಯಾಕಿಮ್ ಮೊದಲ ಬಾರಿಗೆ ತಲೆ ಎತ್ತಿ ಅವಳನ್ನು ನೋಡಿದಳು. ಇಬ್ಬರೂ ತಮ್ಮ ಅರಬ್ಬಿಯಲ್ಲಿ ಒಂದೆರಡು ಮಾತಾಡಿದರು. ಏನಂದರು ಅಂತ ನಾನು ಇವತ್ತಿಗೂ ಕೇಳಿಲ್ಲ.

ಆನ್ನಿಕಾ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡರು. ಕೊನೆಗೆ, "ಅಲರ್ಜಿ ಅಂತ ಇಟ್ಟುಕೊಳ್ಳೋಣವಾ?" ಅಂದರು. ನಮ್ಮ ಅಡುಗೆಮನೆಯಲ್ಲಿ ಹಾಲು ಆಗದ ಮಗುವಿಗೆ, ಬೀಜ ಆಗದ ಮಗುವಿಗೆ ಬೇರೆ ಪಾತ್ರೆ, ಬೇರೆ ಸೌಟು, ಬಣ್ಣದ ಪಟ್ಟಿ ಅಂಟಿಸಿದ ಬೇರೆ ಕಪಾಟು ಇದೆ. ಈ ದೇಶಕ್ಕೆ ಅಲರ್ಜಿ ಅಂದರೆ ಅರ್ಥವಾಗುತ್ತದೆ. ಒಂದು ಯುದ್ಧವನ್ನು ಅಲರ್ಜಿ ಕಪಾಟಿನಲ್ಲಿ ಇಡುವುದೇ ಅನ್ನಿಸಿ ನಗು ಬಂತು, ಹಿಂದೆಯೇ ಅಳುವೂ ಬಂತು. ನ್ಯಾಕಿಮ್ ಕೆಲಸದಲ್ಲಿ ಉಳಿದಳು. ಅವಳ ಕಪ್ಪು ಕಿಟಕಿಯಲ್ಲೇ ಉಳಿಯಿತು, ಅದನ್ನು ಬೇರೆ ಇಡುವ ಜವಾಬ್ದಾರಿ ಅಡುಗೆಮನೆಯವಳಾದ ನನ್ನದು.

ಅಪ್ಪ ಈಗ ನಮ್ಮಣ್ಣನ ಮನೆಯಲ್ಲಿದ್ದಾರೆ, ಮೊಮ್ಮಕ್ಕಳ ಗಲಾಟೆಯಲ್ಲಿ ಕಿವಿ ಸ್ವಲ್ಪ ಮಂದವಾಗಿದೆ. ಭಾನುವಾರ ಫೋನು ಮಾಡಿದಾಗ ಎಂದಿನಂತೆ ಕೇಳಿದರು, ತಮಾಷೆಗೆ. "ಎಲ್ಲರ್ಗೂ ಒಂದೇ ಲೋಟಾನಾ?" ಹೂಂ ಅಂದುಬಿಡಬಹುದಿತ್ತು. ಅಪ್ಪನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ಗಟ್ಟಿಯಾಗಿ, ಎರಡೆರಡು ಸಲ ಹೇಳಿದೆ.

"ಸೂತಕ ಅಂತ ತಿಳ್ಕೋ ಅಪ್ಪ."

"ಸೂತಕ ಅಂದ್ರೆ ತಿಥಿ ಆಗೋಗಂಟ. ಇದು ಯಾವತ್ತು ಮುಗೀತದೆ?"

"ಗೊತ್ತಿಲ್ಲ ಅಪ್ಪ. ಅವರ ಊರಲ್ಲಿ ದನ ಕೊಡೋರು ಬರೋಗಂಟ."

ಅಪ್ಪ ಮತ್ತೆ ಕೇಳಿದರು. "ಲೋಟ ಬೇರೆ ಬೇರೆಯಾಗಿ ಇಡೋರು ಯಾರು?"

"ನಾನೇ."

"ನಿನ್ನ ಕೈಯಾಗೇ?"

"ಹೂಂ ಅಪ್ಪ."

"ನಂಗೆ ತಿಳಿಯಾಕಿಲ್ಲ ಕಣಮ್ಮ," ಅಂದರು ಅಪ್ಪ. "ಲೋಟ ಬೇರೆ ಅಂದ್ರೆ ನಂಗೆ ಗೊತ್ತಿರೋದು ಒಂದೇ." ಆಮೇಲೆ ಫೋನಿನಲ್ಲಿ ಅತ್ತಿಗೆಯ ದನಿ ಬಂತು. "ಮಾವ ಎದ್ದು ಹೊರಗೆ ಹೋದ್ರು ಕಣೆ ರತ್ನಾ, ಏನಂದೆ ನೀನು?"

ಈಗಲೂ ಭಾನುವಾರ ಫೋನು ಮಾಡುತ್ತೇನೆ. ಅಪ್ಪ ಚಳಿ ಕೇಳುತ್ತಾರೆ, ಮೊಮ್ಮಗಳನ್ನು ಕೇಳುತ್ತಾರೆ. ಲೋಟದ ಮಾತು ಎತ್ತುವುದಿಲ್ಲ. ನ್ಯಾಕಿಮಳ ದೇಶದಲ್ಲಿ ಮತ್ತೆ ಏನೋ ಸಹಿ ಆಯಿತಂತೆ, ಮತ್ತೆ ಎಲ್ಲೋ ಗುಂಡು ಹಾರಿತಂತೆ. ಅವಳು ಮೊಬೈಲು ನೋಡಿ ಜೇಬಿಗಿಟ್ಟು ಆಲೂಗಡ್ಡೆ ಸುಲಿಯುತ್ತಾಳೆ. ನನ್ನ ಜೊತೆ ಮೊದಲಿನಂತೆ ನಗುತ್ತಾಳೆ. ಆದರೆ ನಾನು ತಂದ ಸಿಹಿಯನ್ನು ಬಾಯಿಗಿಡುವ ಮುಂಚೆ ಒಂದು ಸಲ ನನ್ನ ಮುಖ ನೋಡುತ್ತಾಳೆ.

ಫೀಕಾ ಮುಗಿದ ಮೇಲೆ ಅಚೋಲಳ ಕಪ್ಪು ತೊಳೆದು ಸಿಂಕಿನ ಮೇಲಿನ ಕಪಾಟಿನಲ್ಲಿಡುತ್ತೇನೆ. ಕೈ ಒರೆಸಿಕೊಂಡು, ಬೇರೆ ಸ್ಪಂಜು ತೆಗೆದುಕೊಂಡು, ನ್ಯಾಕಿಮಳದನ್ನು ತೊಳೆದು ಬಟ್ಟೆ ಸುತ್ತಿ ಕಿಟಕಿಯ ಕಡೆಗಿಡುತ್ತೇನೆ. ಕೊನೆಗೆ ನನ್ನದು ಉಳಿಯುತ್ತದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು, ಎಲ್ಲಿಡಬೇಕು ಅಂತ ತೋಚದೆ ದಿನಾ ಒಂದು ಗಳಿಗೆ ನಿಂತಿರುತ್ತೇನೆ.